ಪೈಥಾನ್ ಪ್ರಾಕ್ಸಿಗೆ ನಮ್ಮದೇ ಪ್ಲಗಿನ್: ನಾನು ಎಡವಿದ ಜಾಗಗಳು

ಪ್ರಾಕ್ಸಿ ಬ್ರೌಸರಿಗೂ ಸರ್ವರಿಗೂ ನಡುವೆ ಕೂತಿರುತ್ತದೆ. ಇತ್ತಲಿನ ರಿಕ್ವೆಸ್ಟ್ ಅತ್ತ, ಅತ್ತಲಿನ ಉತ್ತರ ಇತ್ತ. ಹೋಗುವಾಗ ಬರುವಾಗ ನಮ್ಮ ಕೋಡ್ ಅದನ್ನು ನೋಡಬೇಕು, ಬೇಕಾದರೆ ತಿದ್ದಬೇಕು ಅಂದರೆ ಪ್ಲಗಿನ್ ಬೇಕು. ನಾನು ಕಲಿತದ್ದು ಪ್ರಾಕ್ಸಿ ಡಾಟ್ ಪಿವೈ (proxy.py) ಅನ್ನುವ, ಪೈಥಾನ್‌ನಲ್ಲಿ ಬರೆದ ಪ್ರಾಕ್ಸಿ ಬಳಸಿ. ಪೈಥಾನ್‌ನ ಇನ್‌ಸ್ಟಾಲರ್ ಪಿಪ್‌ನಿಂದ ಇನ್‌ಸ್ಟಾಲ್ ಮಾಡಿ, ಟರ್ಮಿನಲ್‌ನಲ್ಲಿ ಪ್ರಾಕ್ಸಿ (proxy) ಅಂತ ಓಡಿಸಿದರೆ 127.0.0.1ರ, ಅಂದರೆ ನಮ್ಮದೇ ಯಂತ್ರದ, 8899ನೇ ಪೋರ್ಟ್‌ನಲ್ಲಿ ಶುರುವಾಗುತ್ತದೆ. ಮೊದಲು ಪ್ಲಗಿನ್ ಇಲ್ಲದೆ, ಟರ್ಮಿನಲ್‌ನಿಂದಲೇ ಪುಟ ತರಿಸುವ ಕರ್ಲ್ (curl) ಬಳಸಿ ಈ ಪ್ರಾಕ್ಸಿ ಮೂಲಕ ಒಂದು ಪುಟ ತರಿಸಿ ನೋಡಿ, ಆಮೇಲೆ ಏನಾದರೂ ಕೆಟ್ಟರೆ ತಪ್ಪು ನಮ್ಮ ಕೋಡ್‌ನಲ್ಲೇ ಇದೆ ಅಂತ ಗೊತ್ತಾಗುತ್ತದೆ.

ಪ್ಲಗಿನ್ ಅಂದರೆ ಒಂದು ಕ್ಲಾಸ್, ಅಷ್ಟೇ. ಎಚ್‌ಟಿಟಿಪಿ ಪ್ರಾಕ್ಸಿ ಬೇಸ್ ಪ್ಲಗಿನ್ (HttpProxyBasePlugin) ಅನ್ನುವ ಕ್ಲಾಸಿನಿಂದ ಇನ್‌ಹೆರಿಟ್ ಮಾಡಬೇಕು. ಮುಖ್ಯವಾಗಿ ನಾಲ್ಕು ಮೆಥಡ್‌ಗಳಿವೆ: ಸರ್ವರಿಗೆ ಕನೆಕ್ಷನ್ ತೆರೆಯುವ ಮೊದಲು ಒಂದು, ರಿಕ್ವೆಸ್ಟ್ ಕಳಿಸುವ ಮೊದಲು ಒಂದು, ಉತ್ತರ ಬರುವಾಗ ಒಂದು, ಕನೆಕ್ಷನ್ ಮುಚ್ಚಿದಾಗ ಒಂದು. ಓಡಿಸುವಾಗ ಪ್ಲಗಿನ್ಸ್ ಅನ್ನುವ ಆಪ್ಷನ್‌ಗೆ ಫೈಲಿನ ಹೆಸರು, ಚುಕ್ಕಿ, ಕ್ಲಾಸಿನ ಹೆಸರು ಕೊಡಿ. ಫೈಲ್ ಸಿಗುತ್ತಿಲ್ಲ ಅಂದರೆ ಆ ಫೋಲ್ಡರ್ ಪೈಥಾನ್ ಪಾತ್‌ನಲ್ಲಿ, ಅಂದರೆ ಪೈಥಾನ್ ಫೈಲ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಇದೆಯಾ ನೋಡಿ.

ನನ್ನನ್ನು ಜಾಸ್ತಿ ಕಾಡಿದ್ದು ರಿಟರ್ನ್. ಮೊದಲ ಎರಡು ಮೆಥಡ್‌ಗಳಿಂದ ರಿಕ್ವೆಸ್ಟ್ ಅನ್ನು ವಾಪಸ್ ಕೊಡಲೇಬೇಕು. ಮರೆತರೆ ಪೈಥಾನ್ ತಾನಾಗಿಯೇ None (ಏನೂ ಇಲ್ಲ) ಕೊಡುತ್ತದೆ, ಪ್ರಾಕ್ಸಿ ಅದನ್ನು "ಮುಂದೆ ಕಳಿಸಬೇಡ" ಅಂತ ಓದಿಕೊಳ್ಳುತ್ತದೆ. ಎಲ್ಲೂ ಎರರ್ ಇಲ್ಲ, ಬ್ರೌಸರ್ ಸುಮ್ನೆ ಕಾಯುತ್ತಾ ಇರುತ್ತದೆ! ಬೇಕಂತಲೇ ತಡೆಯಬೇಕಾದರೆ ಎಚ್‌ಟಿಟಿಪಿ ರಿಕ್ವೆಸ್ಟ್ ರಿಜೆಕ್ಟೆಡ್ (HttpRequestRejected) ಎಕ್ಸೆಪ್ಷನ್ ಎಸೆಯಿರಿ, ಸ್ಟೇಟಸ್ ಕೋಡ್ 403 (ಅನುಮತಿ ಇಲ್ಲ) ಅಂತ ಕೊಡಿ, ಆಗ ಬ್ರೌಸರಿಗೂ ವಿಷಯ ತಿಳಿಯುತ್ತದೆ.

ಇನ್ನೊಂದು, ಹೋಸ್ಟ್ ಹೆಸರು, ಅಂದರೆ ಸೈಟಿನ ವಿಳಾಸ, ಸಿಗುವುದು ಬೈಟ್ಸ್ (bytes) ರೂಪದಲ್ಲಿ. ಅದನ್ನು ಮಾಮೂಲಿ ಸ್ಟ್ರಿಂಗ್ ಜೊತೆ ಹೋಲಿಸಿದರೆ ಯಾವಾಗಲೂ ಫಾಲ್ಸ್, ನಿಮ್ಮ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಉತ್ತರವೂ ಒಟ್ಟಿಗೆ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ, ನೀವು ಹುಡುಕುವ ಪದ ಎರಡು ತುಂಡುಗಳ ನಡುವೆ ಒಡೆದಿರಬಹುದು ಅಲ್ವಾ? ಹಾಗಾಗಿ ಪುಟದ ಒಳಗಿನ ಮಾತನ್ನು ಬದಲಿಸುವುದು ಮೊದಲ ಪ್ಲಗಿನ್‌ಗೆ ಬೇಡ. ಹೆಡರ್ (ರಿಕ್ವೆಸ್ಟ್ ಜೊತೆ ಹೋಗುವ ಮಾಹಿತಿ ಸಾಲು) ಸೇರಿಸುವುದು, ಹೋಸ್ಟ್ ತಡೆಯುವುದು ಸಾಕು.

ಎಚ್‌ಟಿಟಿಪಿಎಸ್ ಬಂದಾಗ ಕಾಣುವುದು ಕನೆಕ್ಟ್ (CONNECT) ರಿಕ್ವೆಸ್ಟ್, ಅಂದರೆ ಈ ಸರ್ವರಿಗೆ ದಾರಿ ಮಾಡಿಕೊಡು ಅನ್ನುವ ರಿಕ್ವೆಸ್ಟ್, ಒಂದೇ. ಹೋಸ್ಟ್, ಪೋರ್ಟ್ ತಿಳಿಯುತ್ತದೆ, ಒಳಗಿನ ಪಾತ್ ಹೆಡರ್ ಎಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ. ಹೋಸ್ಟ್ ತಡೆಯಲು ಇಷ್ಟೇ ಸಾಕು. ಒಳಗೆ ನೋಡಲೇಬೇಕಾದರೆ ನಾವೇ ಒಂದು ಸಿಎ ಸರ್ಟಿಫಿಕೇಟ್ (ಬೇರೆ ಸೈಟ್ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವಂಥದ್ದು) ಮಾಡಿ ಪ್ರಾಕ್ಸಿಗೆ ಕೊಡಬೇಕು, ಕ್ಲೈಂಟ್ ಅದನ್ನು ನಂಬುವ ಹಾಗೂ ಮಾಡಬೇಕು. ಇದನ್ನು ನಿಮ್ಮ ಸ್ವಂತ ಯಂತ್ರದಲ್ಲಿ, ನಿಮ್ಮದೇ ಟ್ರಾಫಿಕ್ ಮೇಲೆ ಮಾತ್ರ ಮಾಡಿ. ಇಡೀ ಸಿಸ್ಟಮ್‌ಗೆ ಆ ಸರ್ಟಿಫಿಕೇಟ್ ಸೇರಿಸುವುದು ಬೇಡ, ಅದರ ಕೀ ಯಾರ ಕೈಗಾದರೂ ಸಿಕ್ಕರೆ ಅವರು ಯಾವ ಸೈಟಿನ ಹೆಸರಿನಲ್ಲಿ ಬೇಕಾದರೂ ನಿಮ್ಮನ್ನು ನಂಬಿಸಬಹುದು. ಕಲಿಯುವಾಗ ಕರ್ಲ್‌ಗೆ ಮಾತ್ರ ಅದನ್ನು ಕೊಟ್ಟರೆ ಕೆಲಸ ಆಗುತ್ತದೆ.