ತಾನಾಗಿ ಬಂದ್ ಆಗುವ ಕಂಪ್ಯೂಟರ್: ಮೊದಲು ಹೊತ್ತು ನೋಡಿ

ಕೆಲಸದ ನಡುವೆ ಕಂಪ್ಯೂಟರ್ ತಾನಾಗಿ ಬಂದ್ ಆಗುತ್ತದೆ ಎಂದು ಫೋನ್ ಮಾಡುವವರು ತೊಂದರೆಯ ಜೊತೆಗೇ ಪರಿಹಾರವನ್ನೂ ಹೇಳಿಬಿಡುತ್ತಾರೆ: "ಒಮ್ಮೆ ಬಂದು ಫಾರ್ಮ್ಯಾಟ್ ಮಾಡಿ ಹೋಗಿ ಸರ್." ಹುಬ್ಬಳ್ಳಿಯ ಬಟ್ಟೆ ಅಂಗಡಿಯಿಂದ ಗದಗದ ಮುದ್ರಣಾಲಯದವರೆಗೆ ಫಾರ್ಮ್ಯಾಟ್ ಮೇಲಿನ, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದರ ಮೇಲಿನ, ಈ ಭಕ್ತಿ ಒಂದೇ ತೆರನಾದದ್ದು. ಆದರೆ ಟೈಪ್ ಮಾಡುತ್ತಿರುವಾಗಲೇ ಪರದೆ ಕಪ್ಪಾಗಿ, ಫ್ಯಾನಿನ ಸದ್ದೂ ನಿಂತುಹೋದರೆ ಅಲ್ಲಿ ವಿಂಡೋಸಿನ ತಪ್ಪು ಇರುವುದು ಅಪರೂಪ. ವಿಂಡೋಸ್ ಕೆಟ್ಟಿದ್ದರೆ ಸಾಮಾನ್ಯವಾಗಿ ನೀಲಿ ಪರದೆ ತೋರಿಸುತ್ತದೆ, ಇಲ್ಲವೇ ತಾನೇ ಮರಳಿ ಚಾಲೂ ಆಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಅರ್ಧ ದಿನ ಹೋಗುತ್ತದೆ, ಕನ್ನಡ ಟೈಪಿಂಗಿನ ನುಡಿ, ಲೆಕ್ಕದ ಟ್ಯಾಲಿ, ಪ್ರಿಂಟರ್ ಎಲ್ಲವನ್ನೂ ಮತ್ತೆ ಹಾಕಬೇಕಾಗುತ್ತದೆ, ಮರುದಿನ ಯಂತ್ರ ಮತ್ತೆ ಬಂದ್.

ಯಾವಾಗ ಬಂದ್ ಆಗುತ್ತದೆ ಎಂಬುದು ನನ್ನ ಮೊದಲ ಪ್ರಶ್ನೆ. "ಅದಕ್ಕೆ ಹೊತ್ತುಗೊತ್ತು ಇಲ್ಲ" ಎಂಬ ಉತ್ತರವನ್ನು ನಾನು ನಂಬುವುದಿಲ್ಲ. ಯಂತ್ರದಲ್ಲಿ ನಡೆದದ್ದನ್ನು ವಿಂಡೋಸ್ ದಾಖಲಿಸಿದ್ದನ್ನು ತೋರಿಸುವ ಇವೆಂಟ್ ವ್ಯೂವರ್ ತೆರೆಯುತ್ತೇನೆ. ಅದರ 'ವಿಂಡೋಸ್ ಲಾಗ್ಸ್' ಒಳಗಿನ 'ಸಿಸ್ಟಮ್' ಪಟ್ಟಿಯಲ್ಲಿ 1074 ಎಂಬ ಸಂಖ್ಯೆ ಕಂಡರೆ ಯಾರೋ ಅಥವಾ ಯಾವುದೋ ಪ್ರೋಗ್ರಾಂ, ಹೆಚ್ಚಾಗಿ ಅಪ್‌ಡೇಟ್, ಕ್ರಮವಾಗಿಯೇ ಬಂದ್ ಮಾಡಿದೆ ಎಂದರ್ಥ. 41 ಅಥವಾ 6008 ಇದ್ದರೆ ಹೇಳದೆ ಕೇಳದೆ ಬಂದ್ ಆಗಿದೆ. 41ನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ಕಾರಣ ತಿಳಿಸುವ ಸಂಖ್ಯೆಯಲ್ಲ. ಕಳೆದ ಸಲ ಸರಿಯಾಗಿ ಬಂದ್ ಆಗಿರಲಿಲ್ಲ ಎಂದು ಯಂತ್ರ ಮತ್ತೆ ಎದ್ದ ಮೇಲೆ ಬರೆದಿಟ್ಟುಕೊಳ್ಳುವ ಟಿಪ್ಪಣಿ ಅಷ್ಟೇ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್, ಅಂದರೆ ನೀಲಿ ಪರದೆಯ ದೋಷ ಸಂಖ್ಯೆ, ಸೊನ್ನೆ ಇದ್ದರೆ ನೀಲಿ ಪರದೆಯೂ ಬಂದಿಲ್ಲ, ಹೆಚ್ಚಾಗಿ ಕರೆಂಟೇ ಕೈಕೊಟ್ಟಿದೆ. ನನಗೆ ಬೇಕಾದದ್ದು 6008ರಲ್ಲಿರುವ ಗಂಟೆ-ನಿಮಿಷ. ಆ ಹೊತ್ತಿಗೆ ಕಚೇರಿಯಲ್ಲಿ ಏನು ನಡೆದಿತ್ತು ಎಂದು ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಧಾರವಾಡದಲ್ಲಿ ಹೈಕೋರ್ಟ್ ಪೀಠ ಇರುವುದರಿಂದ ವಕೀಲರ ಕಚೇರಿಗಳು ನನ್ನ ಗಿರಾಕಿಗಳಲ್ಲಿ ಬಹಳ. ಅಲ್ಲಿ ಪದೇ ಪದೇ ಕಾಣುವ ಚಿತ್ರ ಇದು: ಮೇಜಿನ ಕೆಳಗೆ 600 ವಿಎ ಯುಪಿಎಸ್, ಅದರ ಬೆನ್ನಿಗೆ ಒಂದು ಎಕ್ಸ್‌ಟೆನ್ಷನ್ ಬೋರ್ಡು, ಅದಕ್ಕೆ ಕಂಪ್ಯೂಟರ್, ಮಾನಿಟರ್, ಮೊಬೈಲ್ ಚಾರ್ಜರ್, ಜೊತೆಗೆ ಲೇಸರ್ ಪ್ರಿಂಟರ್. ಅರ್ಜಿಯ ಪ್ರತಿ ತೆಗೆಯಲು ಆದೇಶ ಕೊಟ್ಟ ಕ್ಷಣಕ್ಕೆ ಯುಪಿಎಸ್ 'ಕೀಂ' ಎನ್ನುತ್ತದೆ, ಎಲ್ಲವೂ ಕತ್ತಲು. ಲೇಸರ್ ಪ್ರಿಂಟರಿನೊಳಗೆ ಶಾಯಿಯ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಬಿಸಿ ರೋಲರ್ ಇರುತ್ತದೆ. ಅದು ಕಾಯುವಾಗ ಕೆಲವು ನೂರು ವ್ಯಾಟ್‌ಗಳನ್ನು ಒಮ್ಮೆಲೇ ಎಳೆಯುತ್ತದೆ. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ತಾಳಿಕೊಳ್ಳುವುದೇ ಸುಮಾರು 360 ವ್ಯಾಟ್. ಪ್ರಿಂಟರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿಸಿ, ಖರ್ಚಿಲ್ಲದೆ ಮುಗಿದ ಪ್ರಕರಣಗಳು ಎಷ್ಟೋ. ಇಷ್ಟಕ್ಕೇಕೆ ಹಣ ಎಂದು ಗಿರಾಕಿ ಮುಖ ನೋಡುತ್ತಾನೆ, ಅದು ಬೇರೆ ಮಾತು.

ಯುಪಿಎಸ್ ಒಳಗಿನ 12 ವೋಲ್ಟ್, 7 ಆಂಪ್‌ಅವರ್ ಬ್ಯಾಟರಿಗೆ ಎರಡು-ಮೂರು ವರ್ಷ ಆಯಸ್ಸು. ಅದು ಸತ್ತ ಮೇಲೂ ಹಸಿರು ದೀಪ ಉರಿಯುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದ ಮುದ್ರಣ ಯಂತ್ರದ ಮೋಟಾರ್ ಚಾಲೂ ಆಗಿ ವೋಲ್ಟೇಜ್ ಒಂದು ಗಳಿಗೆ ಕುಸಿದರೆ ಯುಪಿಎಸ್ ಬ್ಯಾಟರಿಗೆ ಹಾರುತ್ತದೆ, ಬ್ಯಾಟರಿಯಲ್ಲಿ ಜೀವ ಇರುವುದಿಲ್ಲ, ಕಂಪ್ಯೂಟರ್ ಬಂದ್. ಗದಗ-ಬೆಟಗೇರಿಯ ಮುದ್ರಣಾಲಯಗಳಲ್ಲಿ ಡಿಟಿಪಿ ಮಾಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಪರೀಕ್ಷೆ ಸುಲಭ: ಎಲ್ಲ ಕೆಲಸ ಉಳಿಸಿ, ಫೈಲುಗಳನ್ನು ಮುಚ್ಚಿ, ಯುಪಿಎಸ್ಸಿನ ಗೋಡೆಯ ಸ್ವಿಚ್ ಆರಿಸಿ. ಐದು ನಿಮಿಷವೂ ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ.

ಬೆಳಿಗ್ಗೆ ಚೆನ್ನಾಗಿ ನಡೆದು ಮಧ್ಯಾಹ್ನ ಬಂದ್ ಆಗುವುದು, ಆಗಲೇ ಮತ್ತೆ ಚಾಲೂ ಮಾಡಿದರೆ ಮೊದಲಿಗಿಂತ ಬೇಗ ಬಂದ್ ಆಗುವುದು, ಅರ್ಧ ಗಂಟೆ ಬಿಟ್ಟರೆ ಸರಿಹೋಗುವುದು: ಇವು ಬಿಸಿಯ ಲಕ್ಷಣ. ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಹೋದಾಗ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಸುಟ್ಟುಹೋಗದಂತೆ ಯಂತ್ರವನ್ನೇ ನಿಲ್ಲಿಸುತ್ತದೆ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳ ಕಂಪ್ಯೂಟರ್ ಡಬ್ಬಿ ತೆರೆದರೆ ಮೇಲಿನ ಫ್ಯಾನ್ ಸ್ವಚ್ಛವಾಗಿಯೇ ತಿರುಗುತ್ತಿರುತ್ತದೆ. ಅದನ್ನು ಕಳಚಿದರೆ, ಕೆಳಗೆ ಪ್ರೊಸೆಸರಿನ ಬಿಸಿ ಹೀರುವ ಹೀಟ್ ಸಿಂಕ್ ಮೇಲೆ ಹತ್ತಿಯ ಎಳೆ ಕಂಬಳಿಯಂತೆ ಹೆಣೆದುಕೊಂಡು, ಒಂದೇ ತುಂಡಾಗಿ ಕೈಗೆ ಎದ್ದುಬರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಇದು ಹೋಗುವುದಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿಹಿಡಿಯಿರಿ, ಹೀಟ್ ಸಿಂಕ್ ಕಳಚಿದರೆ ಅದಕ್ಕೆ ಬಿಸಿ ದಾಟಿಸುವ ಲೇಪವಾದ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಲ್ಲಿ ಡಬ್ಬಿಯನ್ನು ಅಂಗಳಕ್ಕೆ ತಂದೇ ಊದಬೇಕು. ಆ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು ನಿಜ. ಮುಚ್ಚಿದ ಕೋಣೆಯಲ್ಲಿ ಅದರ ಧೂಳು ಎದ್ದಾಗ ಈ ಮಾತು ಸಮಾಧಾನ ಕೊಡುವುದಿಲ್ಲ.

ಯುಪಿಎಸ್ಸೂ ಸರಿ, ಬಿಸಿಯೂ ಇಲ್ಲ ಎಂದಾದರೆ ಎಸ್‌ಎಂಪಿಎಸ್ ಕಡೆ ತಿರುಗಬೇಕು. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸುವ ಪೆಟ್ಟಿಗೆ ಇದು. 12 ವೋಲ್ಟಿನ ತಂತಿ 11.4ಕ್ಕಿಂತ ಕೆಳಗೆ ಇಳಿಯಬಾರದು. ಆದರೆ ಯಂತ್ರ ಸುಮ್ಮನಿರುವಾಗ ಮೀಟರ್ ಹಿಡಿದು ಫಲವಿಲ್ಲ, ಹೊರೆ ಬಿದ್ದಾಗ ಮಾತ್ರ ಕುಸಿತ ಕಾಣುತ್ತದೆ. ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ಎರಡು ದಿನ ಓಡಿಸುವುದೇ ನೆಟ್ಟಗಿನ ದಾರಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ನೀವಾಗಿ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ವಿದ್ಯುತ್ ಹಿಡಿದಿಟ್ಟುಕೊಂಡಿರುವ ಕೆಪ್ಯಾಸಿಟರ್ ಶಾಕ್ ಹೊಡೆಯುತ್ತದೆ. ಚಾಲೂ ಮಾಡಿದ ನಾಲ್ಕೈದು ಸೆಕೆಂಡಿಗೇ ಬಂದ್ ಆಗುತ್ತಿದ್ದರೆ ಪವರ್ ಬಟನ್ ಒಳಗೆ ಸಿಕ್ಕಿಕೊಂಡಿದೆಯೇ ನೋಡಿ. ಒತ್ತಿಹಿಡಿದಂತೆ ತಿಳಿದು ಯಂತ್ರ ನಿಂತುಬಿಡುತ್ತದೆ.

ಕಾರಣ ಸಿಗುವವರೆಗೆ ಟ್ಯಾಲಿ ಡೇಟಾ ದಿನವೂ ಪೆನ್‌ಡ್ರೈವ್‌ಗೆ ಹೋಗಲಿ. ಬರೆಯುವ ನಡುವೆ ಕರೆಂಟ್ ಹೋದರೆ ಲೆಕ್ಕದ ಫೈಲೇ ಕೆಡಬಹುದು. ಇಷ್ಟೆಲ್ಲ ನೋಡಿ ಕೊನೆಗೆ ದೋಷ ಮದರ್‌ಬೋರ್ಡಿನದೇ ಎಂದಾದರೆ, ಹತ್ತು ವರ್ಷ ಹಳೆಯ ಯಂತ್ರಕ್ಕೆ ಹಳೆಯ ಬೋರ್ಡು ಹುಡುಕಿಸಬೇಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಂಥ ಯಂತ್ರಗಳು ವಿಂಡೋಸ್ 11ರ ಅರ್ಹತೆಯ ಪಟ್ಟಿಯಲ್ಲೂ ಇಲ್ಲ. ಹಾರ್ಡ್‌ಡಿಸ್ಕ್ ತೆಗೆದಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಕೊಡಿ.