ಎರಡೂ ಆಫರ್ ಚೆನ್ನಾಗಿದ್ದರೆ ಏನು ಮಾಡುವುದು?

ಒಂದು ಕೆಲಸ ಚೆನ್ನಾಗಿದ್ದು ಇನ್ನೊಂದು ಸುಮಾರಾಗಿದ್ದರೆ ಸಲಹೆ ಕೇಳಲು ಯಾರೂ ನನ್ನ ಹತ್ತಿರ ಬರುವುದಿಲ್ಲ. ಬರುವವರೆಲ್ಲ ಎರಡು ಒಳ್ಳೆಯ ಆಫರ್ ಕೈಯಲ್ಲಿಟ್ಟುಕೊಂಡು ನಿದ್ದೆಗೆಟ್ಟವರೇ. ನಮ್ಮ ಕರಾವಳಿಯಲ್ಲಿ ಈ ಗೊಂದಲ ಹಳೆಯದು: ಊರಲ್ಲೇ ಇರುವುದಾ, ಗಲ್ಫಿಗೆ ಹೋಗುವುದಾ? ಹಿಂದೆ ಊರಿನ ಕೆಲಸ ಅಂದರೆ ಬ್ಯಾಂಕ್. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ, ಐದೂ ಹುಟ್ಟಿದ್ದು ಮಂಗಳೂರು, ಉಡುಪಿಯಲ್ಲಿ. 2019 ಮತ್ತು 2020ರ ವಿಲೀನದಲ್ಲಿ ಅದರಲ್ಲಿ ಮೂರು ಹೆಸರು ಹೋದವು. ಈಗ ಊರಿನ ಕೆಲಸ ಅಂದರೆ ಹೆಚ್ಚಾಗಿ ಮಂಗಳೂರು ಅಥವಾ ಮಣಿಪಾಲದ ಯಾವುದೋ ಕಂಪನಿ.

ಕಾಪು ಕಡೆಯ ಒಬ್ಬ ಹುಡುಗ ಬಂದಿದ್ದ. ಬಿಕಾಂ ಮಾಡಿ ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದವ. ಒಂದು ಆಫರ್ ಮಂಗಳೂರಿನ ಕಂಪನಿಯದು, ವರ್ಷಕ್ಕೆ 9 ಲಕ್ಷ ಸಿಟಿಸಿ, ಅಂದರೆ ಅವನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಇನ್ನೊಂದು ದುಬೈನ ಟ್ರೇಡಿಂಗ್ ಕಂಪನಿಯದು, ತಿಂಗಳಿಗೆ 7,000 ದಿರ್ಹಂ. "ಎಂತ ಮಾಡುದು ಮೇಡಂ, ಎರಡೂ ಲಾಯ್ಕ್ ಉಂಟು" ಅಂತ ಲ್ಯಾಪ್‌ಟಾಪ್ ತೆರೆದ. ಎಕ್ಸೆಲ್ ಶೀಟ್. ಸಂಬಳಕ್ಕೆ ಇಷ್ಟು ಅಂಕ, ಬೆಳವಣಿಗೆಗೆ ಇಷ್ಟು, ಮನೆಗೆ ಇಷ್ಟು. ಕೊನೆಯಲ್ಲಿ ಮಂಗಳೂರಿಗೆ 72, ದುಬೈಗೆ 71. ನನ್ನೆದುರೇ ಬೆಳವಣಿಗೆಯ ಅಂಕ ಏರಿಸಿದ. ದುಬೈ ಗೆದ್ದಿತು. ಒಂದು ನಿಮಿಷ ನೋಡಿದ. ಆಮೇಲೆ "ಊಟ" ಅಂತ ಹೊಸ ಸಾಲು ಸೇರಿಸಿದ. ಮಂಗಳೂರು ಮತ್ತೆ ಮುಂದೆ!

ನಗಬೇಡಿ. ಪಟ್ಟಿ ಮಾಡುವ ಈ ಪದ್ಧತಿಗೆ ದೊಡ್ಡ ಹಿನ್ನೆಲೆ ಇದೆ. 1772ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಗೆ ಇದೇ ಪೇಚಾಟ. ಲೀಡ್ಸ್‌ನಲ್ಲಿ ಚರ್ಚಿನ ಕೆಲಸ ಇತ್ತು. ಶೆಲ್ಬರ್ನ್ ಎಂಬ ಶ್ರೀಮಂತ ತನ್ನ ಮನೆಯ ಗ್ರಂಥಾಲಯ ನೋಡಿಕೊಳ್ಳಲು ಕರೆದ. ಪ್ರೀಸ್ಟ್ಲಿ ಸಲಹೆ ಕೇಳಿದ್ದು ಬೆಂಜಮಿನ್ ಫ್ರಾಂಕ್ಲಿನ್ ಹತ್ತಿರ. ಯಾವುದು ಒಳ್ಳೆಯದು ಅಂತ ನಾನು ಹೇಳಲಾರೆ, ತೀರ್ಮಾನ ಮಾಡುವ ವಿಧಾನ ಹೇಳುತ್ತೇನೆ ಅಂದ ಫ್ರಾಂಕ್ಲಿನ್. ಹಾಳೆಯ ನಡುವೆ ಗೆರೆ ಎಳಿ. ಮೂರು ನಾಲ್ಕು ದಿನ ಒಂದು ಬದಿ ಪರ, ಇನ್ನೊಂದು ಬದಿ ವಿರೋಧ ಬರೆಯುತ್ತಾ ಹೋಗು. ಸಮತೂಕದವನ್ನು ಎರಡೂ ಕಡೆ ಹೊಡೆದುಹಾಕು. ಪ್ರೀಸ್ಟ್ಲಿ ಹೊಸ ಕೆಲಸಕ್ಕೆ ಹೋದ. ಅಲ್ಲಿದ್ದಾಗಲೇ, 1774ರಲ್ಲಿ, ಆಮ್ಲಜನಕವನ್ನು ಬೇರ್ಪಡಿಸಿದ. ಆ ಹಾಳೆಯಲ್ಲಿ ಆಮ್ಲಜನಕ ಅಂತ ಯಾರೂ ಬರೆದಿರಲಿಕ್ಕಿಲ್ಲ ಬಿಡಿ.

ಪಟ್ಟಿ ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿ ಹಾಕುವ ಅಂಕಿ ಸರಿ ಇರಬೇಕು. 9 ಲಕ್ಷ ಸಿಟಿಸಿ ಅಂದರೆ ತಿಂಗಳಿಗೆ 75,000 ಕೈಗೆ ಬರುತ್ತದೆ ಅಂತ ಹುಡುಗ ಲೆಕ್ಕ ಹಾಕಿದ್ದ. ಬರುವುದಿಲ್ಲ. ಬೇಸಿಕ್, ಅಂದರೆ ಮೂಲ ವೇತನ, 4.5 ಲಕ್ಷ ಅಂದುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ 12%, ಅಂದರೆ 54,000, ಸಿಟಿಸಿ ಒಳಗೇ ಇರುತ್ತದೆ. ಗ್ರಾಚ್ಯುಟಿ ಅಂತ ಬೇಸಿಕ್‌ನ 4.81% ಸೇರಿಸಿರುತ್ತಾರೆ, ಸುಮಾರು 21,600. ಮೇಲಿಂದ ನಿಮ್ಮ ಪಾಲಿನ ಪಿಎಫ್ ಇನ್ನೊಂದು 54,000. ಕೈಗೆ ಸಿಗುವುದು ತಿಂಗಳಿಗೆ 64,000 ಆಸುಪಾಸು. ಪಿಎಫ್ ನಿಮ್ಮದೇ ದುಡ್ಡು, ಸರಿ. ಆದರೆ ಅದರಿಂದ ಬಾಡಿಗೆ ಕಟ್ಟಲು ಆಗುವುದಿಲ್ಲ ಅಲ್ವಾ?

ದುಬೈ ಪತ್ರದಲ್ಲೂ ಬೇಸಿಕ್ ನೋಡಿ. ಇವನ 7,000ದಲ್ಲಿ ಬೇಸಿಕ್ 3,500 ಮಾತ್ರ. ಅಲ್ಲಿ ಆದಾಯ ತೆರಿಗೆ ಇಲ್ಲ, ನಿಜ. ಆದರೆ ನಮ್ಮಂತೆ ಪಿಎಫ್ ಕೂಡ ಇಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕ, ಇವನಿಗೆ 2,450 ದಿರ್ಹಂ. ರೂಮ್ ಬಾಡಿಗೆ ಕಂಪನಿಯದ್ದೋ ನಿಮ್ಮದೋ ಅನ್ನುವುದು ಕಾಗದದಲ್ಲಿ ಇರಬೇಕು. ವೀಸಾ ಖರ್ಚು ನೀವೇ ಹಾಕಿ ಅಂದರೆ ಎದ್ದು ಬನ್ನಿ. ನೇಮಕದ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವುದನ್ನು ಅಲ್ಲಿನ ಕಾನೂನೇ ನಿಷೇಧಿಸಿದೆ.

ಇಷ್ಟು ಸರಿ ಮಾಡಿದ ಮೇಲೂ ತಕ್ಕಡಿ ಆಚೀಚೆ ಆಡುತ್ತಲೇ ಇದ್ದರೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. "ಮಂಗಳೂರಿನವರು ತಿಂಗಳಿಗೆ 5,000 ಜಾಸ್ತಿ ಕೊಟ್ಟರೆ?" ಅಂತ ಕೇಳಿದೆ. "ಆಗಲೂ ಗೊತ್ತಾಗುದಿಲ್ಲ" ಅಂದ. ದುಬೈಗೆ ಸೇರಿಸಿ ಕೇಳಿದರೂ ಅದೇ ಉತ್ತರ. ಎರಡೂ ನಿಜವಾಗಿ ಸಮ ಆಗಿದ್ದರೆ ಸ್ವಲ್ಪ ದುಡ್ಡು ಸೇರಿಸಿದ ಕಡೆಗೆ ಮನಸ್ಸು ವಾಲಬೇಕಿತ್ತು. ತತ್ವಶಾಸ್ತ್ರಜ್ಞೆ ರೂತ್ ಚಾಂಗ್ ಹೇಳುವುದು ಇದನ್ನೇ. ಇಂಥ ಕಡೆ ಒಂದು ಮೇಲೂ ಅಲ್ಲ, ಕೆಳಗೂ ಅಲ್ಲ, ಸಮವೂ ಅಲ್ಲ. ಎರಡರ ಒಳ್ಳೆಯತನವೇ ಬೇರೆ ಬೇರೆ ಜಾತಿಯದು. ಹಾಗಾಗಿ ಇನ್ನಷ್ಟು ಮಾಹಿತಿ ಕಲೆಹಾಕಿ ಉಪಯೋಗವಿಲ್ಲ. ಲಿಂಕ್ಡ್‌ಇನ್‌ನಲ್ಲಿ ರಾತ್ರಿ ಒಂದರವರೆಗೆ ಹುಡುಕಿದರೂ ಸಿಗುವುದಿಲ್ಲ.

ಆಗ ನಾನು ಲಾಭ ಬಿಟ್ಟು ಕಷ್ಟದ ಬಗ್ಗೆ ಕೇಳುತ್ತೇನೆ. ಆಫೀಸಿನಲ್ಲಿ ಬೈಸಿಕೊಂಡ ಒಂದು ಮಾಮೂಲಿ ಮಂಗಳವಾರ, ಸಂಜೆ ಏಳು ಗಂಟೆ. ಎಲ್ಲಿರುತ್ತೀರಿ, ಯಾರ ಜೊತೆ ಮಾತಾಡುತ್ತೀರಿ? ದುಬೈ ಬಗ್ಗೆ ಕೇಳಿದ್ದಕ್ಕೆ ಹುಡುಗ ಪಟಪಟ ಹೇಳಿದ. ದೇರಾದಲ್ಲಿ ಮಾವನ ರೂಮ್, ಊರಿನವರು ನಾಲ್ಕು ಜನ, ಶುಕ್ರವಾರ ರಾತ್ರಿ ವಾಲಿಬಾಲ್. ಮಂಗಳೂರಿನ ಮಂಗಳವಾರಕ್ಕೆ ಬಂದಾಗ ತಡವರಿಸಿದ. ಬಸ್ಸಿನಲ್ಲಿ ಕಾಪುವಿಗೆ ಬರುತ್ತೇನೆ, ಅಮ್ಮ "ಎಂತ ಆಯ್ತು" ಕೇಳುತ್ತಾರೆ, ನಾನು "ಎಂತ ಇಲ್ಲ" ಅನ್ನುತ್ತೇನೆ ಅಂದ. ಆಮೇಲೆ ಸುಮ್ಮನಾದ. ಯಾವ ಬೇಸರವನ್ನು ತನಗೆ ಹೊರಲು ಆಗುತ್ತದೆ ಅನ್ನುವುದು ಆ ಎರಡು ಉತ್ತರದಲ್ಲೇ ಇತ್ತು. ಅಮ್ಮನನ್ನು ಬಿಟ್ಟು ಹೋಗುವುದು ಹೇಗೆ ಅನ್ನುವುದರಲ್ಲಿ ನೆಪ ಎಷ್ಟು, ನಿಜವಾದ ಚಿಂತೆ ಎಷ್ಟು ಅನ್ನುವುದನ್ನು ಮನೆಗೆ ಹೋಗಿ ಅವರನ್ನೇ ಕೇಳಲು ಹೇಳಿದೆ. ಎಷ್ಟೋ ಮಕ್ಕಳು ಕೇಳಿಯೇ ಇರುವುದಿಲ್ಲ. ಮಂಗಳೂರಿಂದ ದುಬೈಗೆ ನೇರ ವಿಮಾನದಲ್ಲಿ ಮೂರೂವರೆ ಗಂಟೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ದಾಟಿ ಬೆಂಗಳೂರಿಂದ ಬರುವುದಕ್ಕಿಂತ ಅದೇ ಬೇಗ, ಅಮ್ಮನಿಗೂ ಇದು ಗೊತ್ತಿರುತ್ತದೆ.

ದೇವರ ಮುಂದೆ ಚೀಟಿ ಹಾಕಿ ಎತ್ತಬಹುದಾ ಅಂತಲೂ ಕೇಳುತ್ತಾರೆ. ನನ್ನ ಆಕ್ಷೇಪ ಇಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇಂಥ ಗೊಂದಲದಲ್ಲಿದ್ದ ಸಾವಿರಾರು ಜನರಿಗೆ ನಾಣ್ಯ ಚಿಮ್ಮಿಸಿ ನೋಡಿದ್ದಾರೆ. ದೊಡ್ಡ ನಿರ್ಧಾರಗಳಲ್ಲಿ, ನಾಣ್ಯದ ಮಾತು ಕೇಳಿ ಬದಲಾವಣೆ ಮಾಡಿಕೊಂಡವರು ಆರು ತಿಂಗಳ ನಂತರ ಹೆಚ್ಚು ಖುಷಿಯಲ್ಲಿದ್ದರು. ಅವರೆಲ್ಲ ತಾವಾಗಿಯೇ ಬಂದವರು, ಹಾಗಾಗಿ ಎಲ್ಲರಿಗೂ ಹೀಗೇ ಅನ್ನಲಾಗದು. ಹುಡುಗನಿಗೆ ಎರಡೂ ಬದಲಾವಣೆಯೇ ಆದ್ದರಿಂದ ಅವನಿಗೆ ಇದು ಉಪಯೋಗಕ್ಕೂ ಬರಲಿಲ್ಲ. ಚೀಟಿ ಎತ್ತುವುದಾದರೆ ಬಿಡಿಸುವಾಗ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಗಮನಿಸಿ. "ಇನ್ನೊಂದ್ಸಲ ಎತ್ತುವ" ಅಂತ ಅನ್ನಿಸಿದರೆ ಎರಡನೇ ಚೀಟಿ ಬೇಕಾಗಿಲ್ಲ.

ಅವನು ದುಬೈ ಆರಿಸಿಕೊಂಡ. ಮಂಗಳೂರಿನವರಿಗೆ ಹೇಗೆ ಹೇಳುವುದು ಅನ್ನುವುದೇ ಅವನಿಗೆ ದೊಡ್ಡ ತಲೆನೋವಾಯಿತು. ಎರಡೂ ಕಡೆ ಹ್ಞೂಂ ಅಂದು, ಸೇರುವ ದಿನ ಒಂದು ಕಡೆ ಫೋನ್ ಆಫ್ ಮಾಡುವ ಚಾಳಿ ಈಗ ಜಾಸ್ತಿಯಾಗಿದೆ. ನನಗದು ಸ್ವಲ್ಪವೂ ಇಷ್ಟವಿಲ್ಲ. ಮೊದಲು ದುಬೈ ಆಫರ್‌ಗೆ ಸಹಿ ಹಾಕಿ ಪ್ರತಿ ಇಟ್ಟುಕೊಳ್ಳಲು ಹೇಳಿದೆ. ಮರುದಿನವೇ ಮಂಗಳೂರಿನ ಎಚ್ಆರ್‌ಗೆ ಫೋನ್ ಮಾಡಿ, ನಂತರ ನಾಲ್ಕು ಸಾಲಿನ ಮೇಲ್ ಕಳಿಸಬೇಕು. ಕಾರಣ ಉದ್ದಕ್ಕೆ ಬೇಡ, ಧನ್ಯವಾದ ಸಾಕು. ಐದಾರು ವರ್ಷ ಬಿಟ್ಟು ಅವನು ವಾಪಸ್ ಬಂದಾಗ ಅದೇ ಎಚ್ಆರ್ ಇನ್ನೊಂದು ಕಂಪನಿಯಲ್ಲಿ ಕೂತಿರಬಹುದು. ಮಂಗಳೂರು ಅಷ್ಟೇನೂ ದೊಡ್ಡದಲ್ಲ ಮಾರಾಯ್ರೆ.