ಮನೆಗೆಲಸದ ರೋಬೋಟಿಗೆ ಹೂಡಿಕೆದಾರರು ಕಟ್ಟುವ ಬೆಲೆ: ಮಾಟುಂಗಾ ಗುಂಪಿಗೆ ಟಿಪ್ಪಣಿ

ಕಳೆದ ಭಾನುವಾರ ಮುಂಬೈನ ಮಾಟುಂಗಾದ ನಮ್ಮ ಗುಂಪಿನ ಚರ್ಚೆ ಅರ್ಧಕ್ಕೆ ನಿಂತಿತು. ಮನುಷ್ಯಾಕಾರದ ರೋಬೋಟುಗಳ ಮಾರುಕಟ್ಟೆ ಇಷ್ಟು ದೊಡ್ಡದಾಗುತ್ತದೆ ಅಂತ ಒಬ್ಬರು ಒಂದು ಅಂಕಿ ಹೇಳಿದರೆ, ಇನ್ನೊಬ್ಬರು ಅದರ ನೂರು ಪಟ್ಟು ಹೇಳುತ್ತಿದ್ದರು. ಇಬ್ಬರ ಕೈಯಲ್ಲೂ ದೊಡ್ಡ ಬ್ಯಾಂಕಿನ ವರದಿಯೇ ಇತ್ತು. ಹಾಗಾಗಿ ಈ ಟಿಪ್ಪಣಿ. ಹಣಕಾಸಿನ ಪರೀಕ್ಷೆಗೆ ಓದುತ್ತಿರುವವರಿಗೆ ವ್ಯಾಲ್ಯುಯೇಶನ್ (ಬೆಲೆ ಕಟ್ಟುವ ಲೆಕ್ಕ) ಅಭ್ಯಾಸವೂ ಆಗುತ್ತದೆ.

ಮೊದಲು ಅಂಕಿಗಳನ್ನು ಒಂದು ಕಡೆ ಇಡೋಣ. ಗೋಲ್ಡ್‌ಮನ್ ಸ್ಯಾಕ್ಸ್ 2024ರ ಆರಂಭದಲ್ಲಿ ಹೇಳಿದ್ದು: 2035ಕ್ಕೆ 3,800 ಕೋಟಿ ಡಾಲರ್ ಮಾರುಕಟ್ಟೆ, ಸುಮಾರು 14 ಲಕ್ಷ ರೋಬೋಟುಗಳ ಮಾರಾಟ. ಅದೇ ಬ್ಯಾಂಕು ಅದಕ್ಕೆ ಸ್ವಲ್ಪ ಮೊದಲು ಹೇಳಿದ್ದು ಬರೀ 600 ಕೋಟಿ ಡಾಲರ್. ಮಾರ್ಗನ್ ಸ್ಟ್ಯಾನ್ಲಿ 2025ರಲ್ಲಿ ಹೇಳಿದ್ದು: 2050ಕ್ಕೆ ವರ್ಷಕ್ಕೆ ಸುಮಾರು 5 ಲಕ್ಷ ಕೋಟಿ ಡಾಲರ್ ಆದಾಯ, ಬಳಕೆಯಲ್ಲಿ 100 ಕೋಟಿ ರೋಬೋಟು. ಜಗತ್ತಿನ 20 ದೊಡ್ಡ ಕಾರು ಕಂಪನಿಗಳು 2024ರಲ್ಲಿ ಒಟ್ಟು ಗಳಿಸಿದ್ದರ ಸುಮಾರು ಎರಡು ಪಟ್ಟು ಅದು. ಸಿಟಿ ಬ್ಯಾಂಕಿನವರದು 2050ಕ್ಕೆ 7 ಲಕ್ಷ ಕೋಟಿ. ಬ್ಯಾಂಕ್ ಆಫ್ ಅಮೆರಿಕಾ ಇನ್ನೂ ಮುಂದೆ ಹೋಗಿ 2060ಕ್ಕೆ 300 ಕೋಟಿ ರೋಬೋಟು ಅಂದಿದೆ.

ವರ್ಷ ಬೇರೆ ಬೇರೆ ಇರುವುದರಿಂದ ಇವುಗಳನ್ನು ನೇರವಾಗಿ ಹೋಲಿಸಬೇಡಿ. 2035 ಮತ್ತು 2050ರ ನಡುವೆ 15 ವರ್ಷ ಇದೆ. ಬಹಳಷ್ಟು ಜಗಳ ಅಲ್ಲೇ ಮುಗಿಯುತ್ತದೆ.

ನಿಜವಾದ ಭಿನ್ನಾಭಿಪ್ರಾಯ ಇರುವುದು ಬೇರೆ ಕಡೆ. ಮಾರ್ಗನ್ ಸ್ಟ್ಯಾನ್ಲಿಯ 100 ಕೋಟಿಯಲ್ಲಿ ಶೇ 90ರಷ್ಟು ಕಾರ್ಖಾನೆ, ಗೋದಾಮು, ಅಂಗಡಿಗಳಂಥ ಜಾಗಕ್ಕೆ ಹೋಗುತ್ತವೆ. ಮನೆಗಳಿಗೆ ಬರುವುದು 8 ಕೋಟಿ ಮಾತ್ರ, ಅದೂ 2050ಕ್ಕೆ. ಬ್ಯಾಂಕ್ ಆಫ್ ಅಮೆರಿಕಾದ ಲೆಕ್ಕದಲ್ಲಿ ಇದು ಪೂರ್ತಿ ತಿರುಗಿದೆ. ಅವರ ಪ್ರಕಾರ ಮೂರರಲ್ಲಿ ಸುಮಾರು ಎರಡು ಪಾಲು ಮನೆಗಳಲ್ಲೇ ಇರುತ್ತವೆ, ಕಾರ್ಖಾನೆಗಳಲ್ಲಿ ತೀರಾ ಕಡಿಮೆ. ಯಂತ್ರ ಒಂದೇ, ನಂಬಿಕೆ ಉಲ್ಟಾ. ರೋಬೋಟು ಬರುತ್ತದೋ ಇಲ್ಲವೋ ಅನ್ನುವುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ. ಅಡುಗೆಮನೆಗೆ ಬರುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆ. ಈ ಒಂದು ಊಹೆಯ ಮೇಲೆ ಮನೆ ರೋಬೋಟಿನ ಮುನ್ನೋಟದ ಬಹುಪಾಲು ನಿಂತಿದೆ ಅಂತ ನನ್ನ ಅಭಿಪ್ರಾಯ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದುರ್ಬಲ ಕೊಂಡಿ ಕೂಡ.

ಮುಂಬೈ ಫ್ಲ್ಯಾಟಿನ ಲೆಕ್ಕ

ಕೈಗೆ ಸಿಗುವ ಒಂದು ಬೆಲೆ ಇದೆ. ನಾರ್ವೆ ಮೂಲದ 1ಎಕ್ಸ್ ಕಂಪನಿ 2025ರ ಅಕ್ಟೋಬರಿನಲ್ಲಿ ‘ನಿಯೋ’ ಅನ್ನುವ ಮನೆ ರೋಬೋಟಿಗೆ ಮುಂಗಡ ಬುಕಿಂಗ್ ಶುರು ಮಾಡಿತು. ಪೂರ್ತಿ ಕೊಂಡರೆ 20,000 ಡಾಲರ್, ಬಾಡಿಗೆಗೆ ತಿಂಗಳಿಗೆ 499 ಡಾಲರ್. ತೂಕ ಸುಮಾರು 30 ಕಿಲೋ, ಮೈ ಮೆತ್ತಗೆ. ಇದು ಅಮೆರಿಕಾದ ಬೆಲೆ. ಆದರೂ ಅಭ್ಯಾಸಕ್ಕೆ ಅಂತ ಡೊಂಬಿವಲಿಯ ಒಂದು ಒನ್ ಬಿಎಚ್‌ಕೆಗೆ ತಂದು ನೋಡೋಣ.

ಡಾಲರಿಗೆ 88 ರೂಪಾಯಿ ಹಿಡಿದರೆ 17.6 ಲಕ್ಷ. ಈಗ ಮನೆಗೆಲಸದ ಬಾಯಿ ಪಾತ್ರೆ, ಬಟ್ಟೆ, ಝಾಡು-ಲಾದಿ (ಗುಡಿಸಿ ಒರೆಸುವುದು) ಎಲ್ಲ ಸೇರಿಸಿ ತಿಂಗಳಿಗೆ 6,000 ತೆಗೆದುಕೊಳ್ಳುತ್ತಾಳೆ ಅಂತ ಇಟ್ಟುಕೊಳ್ಳಿ. ಇದು ನಾನು ಲೆಕ್ಕಕ್ಕೆ ಹಿಡಿದ ಅಂಕಿ, ನಿಮ್ಮ ಸೊಸೈಟಿಯ ರೇಟು ಹಾಕಿಕೊಳ್ಳಿ. ವರ್ಷಕ್ಕೆ 72,000. ಆ 17.6 ಲಕ್ಷವನ್ನು ಶೇ 6.5ರ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ ಬಡ್ಡಿಯೇ 1,14,400 ರೂಪಾಯಿ. ಅಂದರೆ ಬಡ್ಡಿಯಲ್ಲೇ ಬಾಯಿಯ ಸಂಬಳ, ದೀಪಾವಳಿ ಬೋನಸ್ಸು ಎಲ್ಲ ಕೊಟ್ಟು ಇನ್ನೂ ಉಳಿಯುತ್ತದೆ. ಅಸಲು ಹಾಗೇ ಇರುತ್ತದೆ. ರೋಬೋಟು ಕೊಂಡರೆ ಕೆಲವು ವರ್ಷಗಳಲ್ಲಿ ಅಸಲೂ ಹೋಗುತ್ತದೆ.

ಹಾಗಾದರೆ ಇಲ್ಲಿ ಎಷ್ಟು ಬೆಲೆಗೆ ಸಿಕ್ಕರೆ ಲಾಭ? ಯಂತ್ರ 5 ವರ್ಷ ಬಾಳುತ್ತದೆ, ವರ್ಷಕ್ಕೆ 72,000 ಉಳಿಸುತ್ತದೆ, ನಾವು ಶೇ 10 ದರದಲ್ಲಿ ಡಿಸ್ಕೌಂಟ್ ಮಾಡುತ್ತೇವೆ, ಅಂದರೆ ಮುಂದೆ ಉಳಿಯುವ ಹಣವನ್ನು ಇಂದಿನ ಬೆಲೆಗೆ ಇಳಿಸುತ್ತೇವೆ ಅಂದುಕೊಳ್ಳಿ. 5 ವರ್ಷದ ಆನ್ಯುಯಿಟಿ ಫ್ಯಾಕ್ಟರ್ (ವರ್ಷಕ್ಕೆ ಒಂದೊಂದು ರೂಪಾಯಿಯಂತೆ 5 ವರ್ಷ ಬರುವ ಹಣದ ಇಂದಿನ ಬೆಲೆ) 3.79. ಗುಣಿಸಿದರೆ ಸುಮಾರು 2.73 ಲಕ್ಷ. ಡಾಲರಿನಲ್ಲಿ 3,100 ಹತ್ತಿರ. ಕರೆಂಟು, ಸರ್ವೀಸು ಕಳೆದರೆ ಇನ್ನೂ ಕಡಿಮೆ. ಚೀನಾದ ಯೂನಿಟ್ರೀ ಕಂಪನಿ 2025ರ ಜುಲೈನಲ್ಲಿ ತನ್ನ ಆರ್1 ರೋಬೋಟನ್ನು 5,900 ಡಾಲರಿಗೆ ಪ್ರಕಟಿಸಿತ್ತು. ಬೆಲೆ ಆ ಕಡೆಗೇ ಇಳಿಯುತ್ತಿದೆ ಅನ್ನುವುದು ನಿಜ. ಆದರೆ ಅದು ಪಲ್ಟಿ ಹೊಡೆಯುತ್ತದೆ, ಓಡುತ್ತದೆ. ಮೋರಿಯಲ್ಲಿ (ಪಾತ್ರೆ ತೊಳೆಯುವ ಜಾಗದಲ್ಲಿ) ಕೂತು ಕುಕ್ಕರ್ ತಿಕ್ಕುವುದು ಬೇರೆ ವಿದ್ಯೆ.

ಇದೇ ಲೆಕ್ಕವನ್ನು ಅಮೆರಿಕಾಕ್ಕೆ ಒಯ್ಯಿರಿ. ಗಂಟೆಗೆ 25 ಡಾಲರ್, ವಾರಕ್ಕೆ 8 ಗಂಟೆ ಕೆಲಸ ಅಂದರೆ ವರ್ಷಕ್ಕೆ 10,400 ಡಾಲರ್. ಅದೇ 5 ವರ್ಷ, ಅದೇ ಶೇ 10. ಇಂದಿನ ಬೆಲೆ ಸುಮಾರು 39,400 ಡಾಲರ್. 20,000ಕ್ಕೆ ಕೊಂಡರೆ ಲಾಭವೇ! ಆದರೆ ಒಂದು ಷರತ್ತು: ಆ ಕೆಲಸದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನಾದರೂ ರೋಬೋಟು ಸರಿಯಾಗಿ ಮಾಡಬೇಕು. ಶೇ 40 ಮಾತ್ರ ಮಾಡಿದರೆ ಉಳಿತಾಯದ ಇಂದಿನ ಬೆಲೆ 15,800ಕ್ಕೆ ಇಳಿದು ಹಣ ನಷ್ಟ. ಹೂಡಿಕೆದಾರರು ಡೆಮೋ ವಿಡಿಯೋಗಳನ್ನು ಯಾಕೆ ಅಷ್ಟು ಕಣ್ಣಿಟ್ಟು ನೋಡುತ್ತಾರೆ ಅಂತ ಈಗ ಗೊತ್ತಾಯಿತಲ್ಲ. ಅವರು ಹುಡುಕುತ್ತಿರುವುದು ಈ ಒಂದು ಶೇಕಡಾವಾರನ್ನು.

ಡೊಂಬಿವಲಿಯ ನಮ್ಮ ಅತ್ತೆಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಅದು ಹೇಳದೆ ಕೇಳದೆ ರಜೆ ಹಾಕಲ್ಲ ಅಲ್ವಾ?” ಸುಮ್ನೆ ನಗುವ ಮಾತಲ್ಲ ಇದು. ಸಂಬಳವನ್ನು ಮಾತ್ರ ಉಳಿತಾಯ ಅಂತ ಎಣಿಸಿದರೆ ಬೇಡಿಕೆಯನ್ನು ಕಡಿಮೆ ಅಂದಾಜು ಮಾಡಿದ ಹಾಗೆ. ಬೆಳಿಗ್ಗೆ 7ರ ಲೋಕಲ್ ರೈಲು ಹಿಡಿಯಬೇಕಾದವರಿಗೆ ‘ಖಂಡಿತ ಆಗುತ್ತದೆ’ ಅನ್ನುವುದಕ್ಕೇ ಬೆಲೆ ಇದೆ.

ಇನ್ನೊಂದು ಕಡೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ವಯಸ್ಸಾದವರ ಆರೈಕೆ. ಮಕ್ಕಳು ಹೊರದೇಶದಲ್ಲಿದ್ದು, ಮುಲುಂಡಿನಲ್ಲೋ ಥಾಣೆಯಲ್ಲೋ ತಂದೆ ತಾಯಿ ಇಬ್ಬರೇ ಇರುವ ಮನೆಗಳು ನಮ್ಮವರಲ್ಲೇ ಎಷ್ಟಿಲ್ಲ? ದಿನವಿಡೀ ಇರುವ ಅಟೆಂಡೆಂಟಿಗೆ ತಿಂಗಳಿಗೆ 25,000 ಹಿಡಿಯಿರಿ. 5 ವರ್ಷದ ಇಂದಿನ ಬೆಲೆ 11.4 ಲಕ್ಷ ಬರುತ್ತದೆ. 17.6 ಲಕ್ಷದಿಂದ ಇನ್ನು ಅಷ್ಟೇನೂ ದೂರವಿಲ್ಲ. ಆದರೆ ಹಣ ಎಲ್ಲಿ ಜಾಸ್ತಿಯೋ ಅಪಾಯವೂ ಅಲ್ಲೇ ಜಾಸ್ತಿ. ಹಾಸಿಗೆಯಿಂದ ಅಜ್ಜಿಯನ್ನು ಎಬ್ಬಿಸಿ ಕೂರಿಸುವುದು ಇಂದಿನ ರೋಬೋಟಿಗೆ ಅತಿ ಕಷ್ಟದ ಕೆಲಸಗಳಲ್ಲಿ ಒಂದು.

ಅನುಮಾನ ಪಡುವವರ ವಾದ

ಈ ಬಣದಲ್ಲಿ ರಾಡ್ನಿ ಬ್ರೂಕ್ಸ್ ಮಾತನ್ನು ಓದಲೇಬೇಕು. ರೂಂಬಾ ಕಸ ಗುಡಿಸುವ ಯಂತ್ರ ತಯಾರಿಸಿದ ಐರೋಬೋಟ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರು ಅವರು. ಅಂದರೆ ಮನೆ ರೋಬೋಟು ಮಾರಿ ಗೆದ್ದವರು. 2025ರ ಸೆಪ್ಟೆಂಬರಿನಲ್ಲಿ ಅವರು ಬರೆದ ವಾದದ ಸಾರ ಇಷ್ಟು: ಮನುಷ್ಯರ ಕೈಯ ಚಳಕ ಬರೀ ವಿಡಿಯೋ ತೋರಿಸಿದರೆ ಬರುವುದಿಲ್ಲ. ನಮ್ಮ ಒಂದು ಕೈಯಲ್ಲಿ ಸುಮಾರು 17,000 ಸ್ಪರ್ಶ ಗ್ರಾಹಕಗಳಿವೆ. ಆ ಸ್ಪರ್ಶದ ಮಾಹಿತಿಯನ್ನು ಬರೀ ವಿಡಿಯೋ ನಂಬಿದ ಕಂಪನಿಗಳು ಸಂಗ್ರಹಿಸುತ್ತಿಲ್ಲ. ಎರಡನೆಯದು, ಆಳೆತ್ತರದ ರೋಬೋಟು ಬೀಳದಂತೆ ನಿಲ್ಲಲು ಬಹಳ ಶಕ್ತಿ ಬಳಸುತ್ತದೆ, ಬಿದ್ದರೆ ಪಕ್ಕದಲ್ಲಿದ್ದವರಿಗೆ ಪೆಟ್ಟು. 3 ಮೀಟರ್ ದೂರವಿರಿ ಅನ್ನುತ್ತಾರೆ ಅವರು. ನಮ್ಮ ಅಡುಗೆಮನೆಯ ಉದ್ದವೇ ಅಷ್ಟಿರುವುದಿಲ್ಲ!

ಇದಕ್ಕೆ ಕಂಪನಿಗಳ ಉತ್ತರ ಏನು? ಗೊತ್ತಿಲ್ಲದ ಕೆಲಸ ಬಂದರೆ ದೂರದಲ್ಲಿ ಕೂತ ನೌಕರರೊಬ್ಬರು ವಿಆರ್ ಕನ್ನಡಕ ಹಾಕಿಕೊಂಡು ರೋಬೋಟನ್ನು ನಡೆಸುತ್ತಾರೆ, ಅದರಿಂದ ಯಂತ್ರ ಕಲಿಯುತ್ತದೆ. ನಿಯೋದ ಯೋಜನೆಯೂ ಇದೇ. ಟೆಸ್ಲಾದ ಆಪ್ಟಿಮಸ್ ರೋಬೋಟು 2024ರ ಅಕ್ಟೋಬರಿನ ಕಾರ್ಯಕ್ರಮದಲ್ಲಿ ಜನರ ಜತೆ ಬೆರೆತಾಗಲೂ ಹಿಂದೆ ಮನುಷ್ಯರ ಸಹಾಯವಿತ್ತು. ಮನೆಯೊಳಗೆ ಕ್ಯಾಮೆರಾ ಇಟ್ಟುಕೊಂಡ ಅಪರಿಚಿತರ ಕಣ್ಣು ಬೇಕಾ ಅನ್ನುವುದು ಒಂದು ಪ್ರಶ್ನೆ. ವಿಶ್ಲೇಷಕರಿಗೆ ಅದಕ್ಕಿಂತ ದೊಡ್ಡದು ಖರ್ಚಿನ ಪ್ರಶ್ನೆ. ಅದಕ್ಕೆ ಕೊನೆಯಲ್ಲಿ ಬರೋಣ.

ಮಾರುಕಟ್ಟೆ ಬೆಳೆದರೆ ಷೇರು ಬೆಳೆಯುತ್ತದೆಯೇ?

ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಜಾಗ ಇದು. ಐರೋಬೋಟನ್ನೇ ನೋಡಿ. 2002ರಿಂದ ರೂಂಬಾ ಮಾರಿತು, ಕೋಟಿಗಟ್ಟಲೆ ಮನೆ ಸೇರಿತು. 2022ರ ಆಗಸ್ಟಿನಲ್ಲಿ ಅಮೆಜಾನ್ ಸುಮಾರು 170 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಯುರೋಪಿನ ನಿಯಂತ್ರಕರ ವಿರೋಧದಿಂದ 2024ರ ಜನವರಿಯಲ್ಲಿ ಅದು ಮುರಿದುಬಿತ್ತು. 2025ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೇಳಿತು. ಅದರ ಯಂತ್ರಗಳನ್ನು ತಯಾರಿಸಿಕೊಡುತ್ತಿದ್ದ ಚೀನಾದ ಕಂಪನಿಯ ಕೈಗೆ ಹೋಗುವ ಯೋಜನೆ ಬಂತು. ಕಸ ಗುಡಿಸುವ ರೋಬೋಟಿನ ಮಾರುಕಟ್ಟೆ ಆ ಹೊತ್ತಿಗೆ ದೊಡ್ಡದೇ ಆಗಿತ್ತು. ಲಾಭ ಮಾತ್ರ ಅಗ್ಗವಾಗಿ ಮಾಡಿದವರ ಪಾಲಾಯಿತು.

ಚೀನಾದ ಆರ್ಥಿಕ ಯೋಜನಾ ಸಂಸ್ಥೆಯೇ 2025ರ ನವೆಂಬರಿನಲ್ಲಿ ಎಚ್ಚರಿಸಿತು: ದೇಶದಲ್ಲಿ 150ಕ್ಕೂ ಹೆಚ್ಚು ಕಂಪನಿಗಳು ಮನುಷ್ಯಾಕಾರದ ರೋಬೋಟು ಮಾಡುತ್ತಿವೆ, ಗುಳ್ಳೆ ಏಳುವ ಅಪಾಯವಿದೆ ಅಂತ. ಒಂದೇ ತರಹದ ಮಾಲನ್ನು 150 ಜನ ಮಾಡಿದರೆ ಬೆಲೆ ಏನಾಗುತ್ತದೆ ಅಂತ ಬೇರೆ ಹೇಳಬೇಕೇ?

ಆದರೂ ಹಣ ಹರಿಯುತ್ತಲೇ ಇದೆ. ಅಮೆರಿಕಾದ ಫಿಗರ್ ಕಂಪನಿಗೆ 2024ರ ಫೆಬ್ರುವರಿಯಲ್ಲಿ 260 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. 2025ರ ಸೆಪ್ಟೆಂಬರಿನಲ್ಲಿ ಅದು 3,900 ಕೋಟಿ. 15 ಪಟ್ಟು. ಇಲ್ಲಿ ಹೂಡಿಕೆದಾರರ ತಲೆ ಹೇಗೆ ಓಡುತ್ತದೆ ಅಂತ ತಿಳಿಯಬೇಕು. ಹೊಸ ಕಂಪನಿಗಳಿಗೆ ಹಣ ಹಾಕುವ ವೆಂಚರ್ ಫಂಡಿನವರಿಗೆ ಹತ್ತರಲ್ಲಿ ಹೆಚ್ಚಿನವು ಮುಳುಗಿದರೂ ಪರವಾಗಿಲ್ಲ, ಒಂದು ಗೆದ್ದರೆ ಸಾಕು. ಹಾಗಾಗಿ ಅವರು ಕೊಡುವ ಬೆಲೆ ‘ಹೀಗೇ ಆಗುತ್ತದೆ’ ಅನ್ನುವ ಭವಿಷ್ಯವಾಣಿ ಅಲ್ಲ, ಒಂದು ಆಪ್ಶನ್ನಿನ ಪ್ರೀಮಿಯಂ, ಅಂದರೆ ಗೆಲ್ಲುವ ಅವಕಾಶವನ್ನು ಕೈಯಲ್ಲಿಟ್ಟುಕೊಳ್ಳಲು ಕೊಡುವ ಹಣ. ಎಲಾನ್ ಮಸ್ಕ್ ಟೆಸ್ಲಾದ ಬೆಲೆಯ ಸುಮಾರು ಶೇ 80 ಮುಂದೆ ಆಪ್ಟಿಮಸ್‌ನಿಂದಲೇ ಬರುತ್ತದೆ ಅಂತ 2025ರಲ್ಲಿ ಹೇಳಿದರು. ಅದು ಮಾರುವವರ ಮಾತು, ಆ ಲೆಕ್ಕದಲ್ಲೇ ಓದಿ. ಹಾಗಂತ ಪೂರ್ತಿ ಬರೀ ಮಾತೂ ಅಲ್ಲ. ಅವರ ಹೊಸ ಸಂಬಳದ ಒಪ್ಪಂದದ ಗುರಿಗಳಲ್ಲಿ 10 ಲಕ್ಷ ರೋಬೋಟು ಮಾರುವುದೂ ಒಂದು.

ಈಗ ಮಾರ್ಗನ್ ಸ್ಟ್ಯಾನ್ಲಿಯ ಆ 5 ಲಕ್ಷ ಕೋಟಿ ಡಾಲರನ್ನು ಇಂದಿಗೆ ಇಳಿಸಿ ನೋಡಿ. 25 ವರ್ಷ, ಶೇ 12 ದರ. 1.12ನ್ನು 25 ಸಲ ಗುಣಿಸಿದರೆ 17. ಹಾಗಾಗಿ ಇಂದಿನ ಲೆಕ್ಕದಲ್ಲಿ ಸುಮಾರು 29,400 ಕೋಟಿ ಡಾಲರ್. ಅಪಾಯ ಜಾಸ್ತಿ ಅಂತ ಶೇ 15 ಹಿಡಿದರೆ 15,200 ಕೋಟಿಗೆ ಇಳಿಯುತ್ತದೆ. ಅದರಲ್ಲೂ ಮನೆಯ ಪಾಲು, ರೋಬೋಟುಗಳ ಸಂಖ್ಯೆಯ ಮೇಲೆ ಹಂಚಿದರೆ, ಶೇ 8. ಅಂದರೆ 1,200 ಕೋಟಿ ಚಿಲ್ಲರೆ. ಇದು ಒಂದು ವರ್ಷದ ಆದಾಯ ಅನ್ನುವುದನ್ನು ಮರೆಯಬೇಡಿ, ಲಾಭ ಅಲ್ಲ. ಅದನ್ನು ಎಷ್ಟು ಕಂಪನಿಗಳು ಹಂಚಿಕೊಳ್ಳುತ್ತವೆ ಅಂತಲೂ ಯೋಚಿಸಿ.

ಕೆಲವು ಹೂಡಿಕೆದಾರರು ಈ ಗೊಂದಲವೇ ಬೇಡ ಅಂತ ಬಿಡಿಭಾಗದವರ ಕಡೆ ತಿರುಗಿದ್ದಾರೆ: ಮೋಟರ್, ಗೇರು, ಸ್ಕ್ರೂ, ಮ್ಯಾಗ್ನೆಟ್ಟು. ರೋಬೋಟು ಮನೆಗೆ ಹೋಗಲಿ, ಗೋದಾಮಿಗೆ ಹೋಗಲಿ, ಇವು ಬೇಕೇ ಬೇಕು. ಆದರೆ ಅಲ್ಲೂ ಬೇರೆ ತೊಡಕಿದೆ. 2025ರ ಏಪ್ರಿಲಿನಲ್ಲಿ ಚೀನಾ ಅಪರೂಪದ ಲೋಹಗಳ ಮ್ಯಾಗ್ನೆಟ್ ರಫ್ತಿಗೆ ಕಡಿವಾಣ ಹಾಕಿದಾಗ ಆಪ್ಟಿಮಸ್ ಕೆಲಸಕ್ಕೂ ಅದು ತಟ್ಟಿತು ಅಂತ ಮಸ್ಕ್ ಅವರೇ ಹೇಳಿದ್ದರು.

ಮುಂದಿನ ಭಾನುವಾರಕ್ಕೆ ಲೆಕ್ಕ

ಬಾಡಿಗೆ ಮಾದರಿಯನ್ನು ಕಂಪನಿಯ ಕಡೆಯಿಂದ ನೋಡಿ. ತಿಂಗಳಿಗೆ 499 ಡಾಲರ್ ಬರುತ್ತದೆ. ರೋಬೋಟು ದಿನಕ್ಕೆ 2 ಗಂಟೆ, ತಿಂಗಳಿಗೆ 60 ಗಂಟೆ ಕೆಲಸ ಮಾಡುತ್ತದೆ. ದೂರದಿಂದ ನಡೆಸುವವರಿಗೆ ಗಂಟೆಗೆ 8 ಡಾಲರ್ ಸಂಬಳ. 499 ಬಿಟ್ಟು ಉಳಿದವು ನಾನು ಹಿಡಿದ ಅಂಕಿಗಳು. ಪೂರ್ತಿ 60 ಗಂಟೆಯೂ ಮನುಷ್ಯರೇ ನಡೆಸಿದರೆ ಖರ್ಚು 480, ಉಳಿಯುವುದು 19 ಡಾಲರ್. ಕಾಲು ಭಾಗ ಸಮಯ ಮಾತ್ರ ನಡೆಸಿದರೆ ಖರ್ಚು 120, ಉಳಿಯುವುದು 379.

ಪ್ರಶ್ನೆ: ತಯಾರಿಕೆಯ ಖರ್ಚು 15,000 ಡಾಲರ್ ಆದರೆ, ಬಡ್ಡಿ ಬಿಟ್ಟು, 3 ವರ್ಷದಲ್ಲಿ ಅದು ವಾಪಸ್ಸು ಬರಲು ಮನುಷ್ಯರ ಸಹಾಯ ಶೇಕಡಾ ಎಷ್ಟನ್ನು ಮೀರಬಾರದು? ಉತ್ತರ 17ರ ಆಸುಪಾಸು ಬರಬೇಕು. ಬಂದ ಮೇಲೆ ರಿಪೇರಿಗೆ ತಿಂಗಳಿಗೆ 40 ಡಾಲರ್ ಸೇರಿಸಿ ಮತ್ತೊಮ್ಮೆ ಮಾಡಿ. 9ರ ಹತ್ತಿರಕ್ಕೆ ಇಳಿಯುತ್ತದೆ.